ಪೋಕರ್: ‘ನೋಡೋಣ’ ಬಿಡಿ, ರೇಸ್ ಮಾಡಿ

ಮೂಡಿಗೆರೆ ಕಡೆ ಜುಲೈ ಮಳೆ ಹಿಡಿದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಆಗ ನಮ್ಮ ಮನೆಯಲ್ಲಿ ಇಸ್ಪೀಟ್ ಎಲೆ ಹೊರಗೆ ಬರುತ್ತವೆ. ಮೊದಲು ಇಪ್ಪತ್ತೆಂಟು, ರಮ್ಮಿ ಆಡುತ್ತಿದ್ದೆವು. ಈಗ ಟೆಕ್ಸಾಸ್ ಹೋಲ್ಡೆಮ್ ಪೋಕರ್: ಕೈಗೆ ಎರಡೆರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು. ಪಣಕ್ಕೆ ದುಡ್ಡಿಲ್ಲ, ಕಾಫಿ ಬೀಜ. ಬೀಜ ಪೂರ್ತಿ ಕಳೆದುಕೊಂಡವರು ಎಲ್ಲರಿಗೂ ಕಾಫಿ ಮಾಡಿಕೊಡಬೇಕು. ನೀವೂ ಹೀಗೇ ಆಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಮನೆಯಲ್ಲೂ ದುಡ್ಡು ಬೇಡ.

ನಿಯಮ ಕಲಿತ ಹೊಸಬರು ಎರಡು ಎಲೆ ಕೈಗೆ ಬಂದ ತಕ್ಷಣ ‘ನೋಡೋಣ’ ಅಂತ ಕಾಲ್ ಮಾಡುತ್ತಾರೆ, ಅಂದರೆ ಎದುರಿನವರು ಕಟ್ಟಿದಷ್ಟೇ ತಾವೂ ಕಟ್ಟುತ್ತಾರೆ. ಮುಂದಿನ ಸುತ್ತಲ್ಲೂ ‘ನೋಡೋಣ’. ನಾನೂ ಮೊದಲ ವರ್ಷ ಹಾಗೇ ಆಡುತ್ತಿದ್ದೆ. ಬರೀ ಕಾಲ್ ಮಾಡಿದವರು ಗೆಲ್ಲುವುದು ಎಲೆ ಚೆನ್ನಾಗಿದ್ದರೆ ಮಾತ್ರ. ರೇಸ್ ಮಾಡಿದವರಿಗೆ, ಅಂದರೆ ಪಣ ಏರಿಸಿದವರಿಗೆ, ಇನ್ನೊಂದು ದಾರಿಯೂ ಇದೆ: ಎದುರಿನವರು ಎಲೆ ಕೆಳಗಿಟ್ಟು ಆ ಕೈ ಬಿಟ್ಟುಬಿಡಬಹುದು.

ಮೊದಲು ಎಲೆ ಆಯ್ಕೆ ಬಿಗಿ ಮಾಡಿ. ತಲಾ 200 ಬೀಜ, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಬೇಕಾದ ಪಣ) 1 ಮತ್ತು 2 ಇರಲಿ. ದೊಡ್ಡ ಜೋಡಿ, ಎಕ್ಕ-ರಾಜ, ಎಕ್ಕ-ರಾಣಿ ಬಂದರೆ ಆಡಿ. ಎಕ್ಕದ ಜೊತೆ ಬೇರೆ ಜಾತಿಯ ನಾಲ್ಕು ಬಂದರೆ ಬಿಟ್ಟುಬಿಡಿ.

ಆಡುವುದಾದರೆ 6 ಬೀಜಕ್ಕೆ ರೇಸ್ ಮಾಡಿ. ನಿಮಗಿಂತ ಮುಂಚೆ ಕಾಲ್ ಮಾಡಿದವರಿದ್ದರೆ ತಲೆಗೆ 2 ಬೀಜ ಸೇರಿಸಿ. ಡೀಲರ್ ಜಾಗ ನಿಮ್ಮದಾದಾಗ ಇನ್ನಷ್ಟು ಕೈ ಆಡಬಹುದು. ಫ್ಲಾಪ್ (ಮೇಜಿನ ಮೊದಲ ಮೂರು ಎಲೆ) ಆದ ಮೇಲೆ ಎಲ್ಲರೂ ಏನು ಮಾಡಿದರು ಅಂತ ನೋಡಿ, ಕೊನೆಗೆ ತೀರ್ಮಾನ ಮಾಡುವವರು ನೀವೇ ಅಲ್ವಾ.

ಮುಖ್ಯ ಪಾಠ ಇಲ್ಲಿಂದ ಮುಂದೆ. ನಮ್ಮ ಭಾವ ಒಂದು ಜೋಡಿ ಸಿಕ್ಕರೆ ಸಾಕು, ಎಲೆ ಕೆಳಗಿಡುವುದೇ ಇಲ್ಲ. ಅವರ ಎದುರು ಬ್ಲಫ್ ಮಾಡಿ, ಅಂದರೆ ಒಳ್ಳೆ ಎಲೆ ಇಲ್ಲದಿದ್ದರೂ ಇದ್ದಂತೆ ಕಟ್ಟಿ, ನಾನು ಎಷ್ಟೋ ಬೀಜ ಕಳೆದಿದ್ದೇನೆ. ಇಂಥವರ ಎದುರು ಒಳ್ಳೆ ಎಲೆಗೆ ದೊಡ್ಡದಾಗಿ ಕಟ್ಟಬೇಕು. ನಿಮ್ಮ ಹತ್ತಿರ ಎಕ್ಕ-ರಾಣಿ, ಫ್ಲಾಪ್‌ನಲ್ಲಿ ರಾಣಿ, ಎಂಟು, ಮೂರು ಬಂತು ಅಂದುಕೊಳ್ಳಿ. ಪಾಟ್‌ನಲ್ಲಿ (ಮಧ್ಯೆ ಸೇರಿದ ಪಣದಲ್ಲಿ) 13 ಬೀಜ: ನಿಮ್ಮಿಬ್ಬರದು ತಲಾ 6, ಚಿಕ್ಕ ಬ್ಲೈಂಡ್ 1. ನೀವು 9 ಕಟ್ಟಿ. ಎಂಟರ ಜೋಡಿ ಹಿಡಿದ ಭಾವ ಕಾಲ್ ಮಾಡುತ್ತಾರೆ, ಪಾಟ್ 31. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಚಿಕ್ಕ ಎಲೆ, 20 ಕಟ್ಟಿ. ಮತ್ತೆ ಕಾಲ್, ಪಾಟ್ 71. ರಿವರ್‌ನಲ್ಲೂ (ಐದನೇ ಎಲೆ) ಏನೂ ಬದಲಾಗಲಿಲ್ಲ, 45 ಕಟ್ಟಿ. ಶುರುವಿನ 6 ಸೇರಿ ಅವರಿಂದ 80 ಬೀಜ ಬಂತು. ಭಯಪಟ್ಟು ಚೆಕ್ ಮಾಡುತ್ತಾ (ಏನೂ ಕಟ್ಟದೆ) ಹೋಗಿದ್ದರೆ 6ಕ್ಕೇ ಮುಗಿಯುತ್ತಿತ್ತು.

ಬ್ಲಫ್ ಬೇಡವೇ ಬೇಡ ಅಂತಲ್ಲ. ಎಲೆ ಬಿಡುವ ಸ್ವಭಾವದವರು ಒಬ್ಬರೇ ಎದುರಿಗಿದ್ದಾಗ ಮಾಡಿ. 12 ಬೀಜದ ಪಾಟ್‌ಗೆ 6 ಕಟ್ಟಿದರೆ, ಮೂರರಲ್ಲಿ ಒಂದು ಸಲ ಅವರು ಬಿಟ್ಟರೂ ನಿಮಗೆ ನಷ್ಟವಿಲ್ಲ. ಕೈಯಲ್ಲಿ ಎರಡು, ಫ್ಲಾಪ್‌ನಲ್ಲಿ ಎರಡು ಆಟೀನ್ ಇದ್ದರೆ ಇನ್ನೂ ಒಳ್ಳೆಯದು. ಕಾಣದ 47 ಎಲೆಗಳಲ್ಲಿ 9 ಆಟೀನ್ ಉಳಿದಿರುತ್ತವೆ. ರಿವರ್‌ವರೆಗೆ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗುವ ಸಾಧ್ಯತೆ ಸುಮಾರು 35 ಶೇಕಡಾ. ಅವರು ಬಿಡದಿದ್ದರೂ ಗೆಲ್ಲುವ ದಾರಿ ಉಳಿಯುತ್ತದೆ. ಮೂವರು ಎದುರಿಗಿದ್ದರೆ ಈ ಸಾಹಸ ಬೇಡ.

ಜೋರಾಗಿ ಆಡುವಾಗ ನಿಲ್ಲಿಸುವುದೂ ಗೊತ್ತಿರಬೇಕು. ಇಡೀ ಸಂಜೆ ಒಂದೂ ರೇಸ್ ಮಾಡದ ಚಿಕ್ಕಪ್ಪ ಟರ್ನ್‌ನಲ್ಲಿ ನಿಮ್ಮ ಮೇಲೆ ರೇಸ್ ಮಾಡಿದರೆ, ಅವರ ಹತ್ತಿರ ಕಡಿಮೆ ಅಂದರೂ ಎರಡು ಜೋಡಿ ಇದೆ ಅಂತ ತಿಳಿಯಿರಿ. ನಿಮ್ಮ ಕೈಯಲ್ಲಿ ಎಕ್ಕದ ಜೋಡಿ ಇದ್ದರೂ ಕೆಳಗಿಡಿ.