ಇಲ್ಲವಾದ ಕ್ಷೇತ್ರದ ಚುನಾವಣೆ ಇತಿಹಾಸ ಹುಡುಕುವುದು ಹೇಗೆ? ಬ್ರಾಂಪ್ಟನ್‌ನ ಒಂದು ಉದಾಹರಣೆ

ಕೆನಡಾದ ಬ್ರಾಂಪ್ಟನ್‌ನಲ್ಲಿ ಮನೆ ಮಾಡಿ, ಸಿಟಿಜನ್‌ಶಿಪ್ ಸಿಕ್ಕಿ, ಮೊದಲ ಸಲ ವೋಟು ಹಾಕಲು ಹೊರಟ ನಮ್ಮವರು ಸಾಮಾನ್ಯವಾಗಿ ನನ್ನನ್ನು ಕೇಳುವ ಪ್ರಶ್ನೆ ಇದು: "ಇಲ್ಲಿ ಹಿಂದೆ ಯಾರು ಗೆಲ್ತಾ ಇದ್ರು?" ಚುನಾವಣೆ ದಿನ ಮತಗಟ್ಟೆ ಕೆಲಸಕ್ಕೆ ಹೋಗುವವಳು ನಾನು, ಹಾಗಾಗಿ ಗೊತ್ತಿರುತ್ತೆ ಅಂತ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಆದರೆ ಒಂಟಾರಿಯೊ ಪ್ರಾಂತ್ಯದ ಫಲಿತಾಂಶದಲ್ಲಿ "ಬ್ರಾಂಪ್ಟನ್ ಈಸ್ಟ್" ಅಂತ ಹುಡುಕಿದರೆ ಕಥೆ 2018ಕ್ಕೇ ನಿಂತುಬಿಡುತ್ತದೆ. ಅದಕ್ಕೂ ಮೊದಲು ಅಲ್ಲಿನ ಜನ ವೋಟು ಹಾಕಿದ್ದು ಬ್ರಾಮಲೀ–ಗೋರ್–ಮಾಲ್ಟನ್ ಎಂಬ ಕ್ಷೇತ್ರದಲ್ಲಿ. ಆ ಕ್ಷೇತ್ರ ಈಗಿಲ್ಲ. ಕರ್ನಾಟಕದವರಿಗೆ ಇದೇನು ಹೊಸದಲ್ಲ. 2008ರ ಪುನರ್ವಿಂಗಡಣೆಯಲ್ಲಿ ಸಾತನೂರು, ಬಿನ್ನಿಪೇಟೆ, ಉತ್ತರಹಳ್ಳಿ ಇಲ್ಲವಾದದ್ದು ನೆನಪಿದೆ ಅಲ್ವಾ?

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ: ನಿಮಗೆ ಬೇಕಾಗಿರುವುದು ಎಂಪಿಯೋ, ಎಂಪಿಪಿಯೋ? ಎಂಪಿ ಅಂದರೆ ರಾಜಧಾನಿ ಒಟ್ಟಾವಾದಲ್ಲಿರುವ ದೇಶದ ಪಾರ್ಲಿಮೆಂಟಿಗೆ ಹೋಗುವವರು. ಶಿರಾ ಕಡೆಯ ಚಂದ್ರ ಆರ್ಯ 2022ರಲ್ಲಿ ಕನ್ನಡದಲ್ಲಿ ಮಾತಾಡಿದ್ದು ಅಲ್ಲಿ. ಎಂಪಿಪಿ ಅಂದರೆ ಟೊರಾಂಟೊದ ಕ್ವೀನ್ಸ್ ಪಾರ್ಕ್‌ನಲ್ಲಿ ಕೂರುವವರು, ನಮ್ಮ ಲೆಕ್ಕದಲ್ಲಿ ಎಂಎಲ್‌ಎ. ಮೊದಲನೆಯದರ ಫಲಿತಾಂಶ ಎಲೆಕ್ಷನ್ಸ್ ಕೆನಡಾದಲ್ಲಿ, ಎರಡನೆಯದರದ್ದು ಎಲೆಕ್ಷನ್ಸ್ ಒಂಟಾರಿಯೊದಲ್ಲಿ ಸಿಗುತ್ತದೆ. ಎರಡು ಕಡೆಯೂ ಕ್ಷೇತ್ರದ ಹೆಸರು ಒಂದೇ ಇರಬಹುದು. ಬ್ರಾಮಲೀ–ಗೋರ್–ಮಾಲ್ಟನ್ ವಿಷಯದಲ್ಲಿ ಆಗಿದ್ದೂ ಅದೇ.

ಇದಕ್ಕೊಂದು ಕಾರಣವಿದೆ. ಆಗ ಒಂಟಾರಿಯೊದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಆಗಿದ್ದ ಮೈಕ್ ಹ್ಯಾರಿಸ್ ಸರ್ಕಾರ 1996ರಲ್ಲಿ ಕಾನೂನು ತಂದು ಪ್ರಾಂತ್ಯದ ಕ್ಷೇತ್ರಗಳನ್ನು 130ರಿಂದ 103ಕ್ಕೆ ಇಳಿಸಿತು. ಪಾರ್ಲಿಮೆಂಟ್ ಕ್ಷೇತ್ರದ ಗಡಿಯನ್ನೇ ಪ್ರಾಂತ್ಯಕ್ಕೂ ಇಟ್ಟಿತು. ಆದರೆ ಗಡಿ ಬದಲಾದಾಗ ಎರಡೂ ಕಡೆ ಒಂದೇ ಸಲ ಜಾರಿಗೆ ಬರುವುದಿಲ್ಲ. ಪಾರ್ಲಿಮೆಂಟಿಗೆ 2004ರಲ್ಲಿ ಬಂದ ಗಡಿ ಪ್ರಾಂತ್ಯಕ್ಕೆ ಬಂದಿದ್ದು 2007ರಲ್ಲಿ. ಅಲ್ಲಿ 2015ರಲ್ಲಿ ಬಂದದ್ದು ಇಲ್ಲಿಗೆ ಬಂದಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಒಂದೇ ಮನೆ ಎರಡು ಬೇರೆ ಬೇರೆ ಆಕಾರದ ಕ್ಷೇತ್ರಗಳಲ್ಲಿ ಇರುತ್ತದೆ. ಈ ವರ್ಷಗಳನ್ನು ನೀವು ಪಟ್ಟಿ ಮಾಡುವ ಹಾಳೆಯ ಮೇಲ್ಭಾಗದಲ್ಲೇ ಬರೆದಿಟ್ಟುಕೊಳ್ಳಿ.

ಇನ್ನು ಹೆಸರು. 1999 ಮತ್ತು 2003ರ ಪ್ರಾಂತ್ಯ ಚುನಾವಣೆಯಲ್ಲಿ ಕ್ಷೇತ್ರದ ಹೆಸರಿನ ಕೊನೆಗೆ "ಸ್ಪ್ರಿಂಗ್‌ಡೇಲ್" ಕೂಡ ಇತ್ತು. 2007ರಲ್ಲಿ ಅದು ಹೋಗಿ ಬ್ರಾಂಪ್ಟನ್–ಸ್ಪ್ರಿಂಗ್‌ಡೇಲ್ ಅಂತ ಬೇರೆ ಕ್ಷೇತ್ರವೇ ಆಯಿತು. ಹಾಗಾಗಿ ಎರಡೂ ಹೆಸರು ಹಾಕಿ ಹುಡುಕಬೇಕು. ಇದಕ್ಕಿಂತ ಜಾಸ್ತಿ ದಾರಿ ತಪ್ಪಿಸುವುದು ಮತ್ತೆ ಹುಟ್ಟಿ ಬರುವ ಹೆಸರುಗಳು. ಬ್ರಾಂಪ್ಟನ್ ಸೆಂಟರ್ ಅಂತ 1999ರಿಂದ 2007ರವರೆಗೆ ಒಂದು ಕ್ಷೇತ್ರ ಇತ್ತು. 2003ರಲ್ಲಿ ಅಲ್ಲಿ ಗೆದ್ದವರು ಲಿಂಡಾ ಜೆಫ್ರಿ. ಅದೇ ಹೆಸರು 2018ರಲ್ಲಿ ವಾಪಸ್ ಬಂತು, ಸಾರಾ ಸಿಂಗ್ ಗೆದ್ದರು. ಹೆಸರು ಒಂದೇ, ಗಡಿ ಬೇರೆ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ.

ಹೆಸರಲ್ಲಿರುವ ಊರುಗಳನ್ನು ಬಿಡಿಸಿ ನೋಡುವುದು ನನಗೆ ಬಹಳ ಇಷ್ಟದ ಕೆಲಸ. ಬ್ರಾಮಲೀ 1950ರ ದಶಕದ ಕೊನೆಯಲ್ಲಿ ಹೊಲಗಳ ಮಧ್ಯೆ ಯೋಜನೆ ಹಾಕಿ ಕಟ್ಟಿದ ಊರು. ಒಂದೊಂದು ಭಾಗದ ಬೀದಿಗಳ ಹೆಸರೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಹಳಬರು ಇವತ್ತಿಗೂ "ಎಂ ಸೆಕ್ಷನ್‌ನಲ್ಲಿದ್ದೇವೆ" ಅಂತಲೇ ವಿಳಾಸ ಹೇಳುತ್ತಾರೆ. ಗೋರ್ ಹಿಂದೆ ಟೊರಾಂಟೊ ಗೋರ್ ಎಂಬ ಟೌನ್‌ಶಿಪ್ ಆಗಿತ್ತು. ಮಾಲ್ಟನ್ ವಿಮಾನ ನಿಲ್ದಾಣದ ಪಕ್ಕದ ಊರು. ಅವ್ರೋ ಆರೋ ವಿಮಾನ ತಯಾರಾಗಿದ್ದು ಅಲ್ಲಿಯೇ. 1974ರಲ್ಲಿ ಬ್ರಾಮಲೀ ಬ್ರಾಂಪ್ಟನ್‌ಗೆ ಸೇರಿತು, ಮಾಲ್ಟನ್ ಮಿಸ್ಸಿಸಾಗಾಗೆ ಹೋಯಿತು. ಅಂದರೆ ನಮ್ಮ ಕ್ಷೇತ್ರ ಎರಡು ನಗರಗಳಲ್ಲಿ ಹರಡಿತ್ತು. 2018ರಲ್ಲಿ ಅದು ಒಡೆದದ್ದು ಯಾಕೆ ಅಷ್ಟು ಚೂರಾಗಿ ಅನ್ನುವುದಕ್ಕೆ ಇದು ಗೊತ್ತಿರಬೇಕು.

ಈಗ ನಕ್ಷೆ. 2007–2014ರ ಗಡಿಯ ನಕ್ಷೆ ಒಂದು, 2018ರದ್ದು ಒಂದು, ಎರಡನ್ನೂ ಒಂದೇ ಅಳತೆಗೆ ಪ್ರಿಂಟ್ ತೆಗೆಯಿರಿ. ಒಂದರ ಮೇಲೊಂದಿಟ್ಟು ಹಗಲಿನಲ್ಲಿ ಕಿಟಕಿ ಗಾಜಿಗೆ ಹಿಡಿಯಿರಿ. ಏರ್‌ಪೋರ್ಟ್ ರೋಡ್, ಬ್ರಾಮಲೀ ರೋಡ್, 407 ಹೆದ್ದಾರಿ, ಈ ಮೂರು ಗೆರೆ ಕೂಡಿದರೆ ಉಳಿದದ್ದೆಲ್ಲ ತಾನೇ ಕೂಡುತ್ತದೆ. ಹಳೆ ಗಡಿಯನ್ನು ಕೆಂಪು ಪೆನ್ಸಿಲ್‌ನಲ್ಲಿ ಎಳೆಯಿರಿ. ಗೋರ್ ಕಡೆಯದು ಬ್ರಾಂಪ್ಟನ್ ಈಸ್ಟ್‌ಗೆ, ಮಾಲ್ಟನ್ ಕಡೆಯದು ಮಿಸ್ಸಿಸಾಗಾ–ಮಾಲ್ಟನ್‌ಗೆ, ಬ್ರಾಮಲೀಯ ಒಂದು ಭಾಗ ಬ್ರಾಂಪ್ಟನ್ ಸೆಂಟರ್‌ಗೆ ಹೋಗಿರುವುದು ಕಣ್ಣಿಗೇ ಕಾಣುತ್ತದೆ.

ಆಮೇಲೆ ಗೆದ್ದವರ ಪಟ್ಟಿ. ಒಂಟಾರಿಯೊ ಶಾಸನಸಭೆಯ ದಾಖಲೆಯಲ್ಲಿ 1867ರಿಂದ ಈಚಿನ ಸದಸ್ಯರ ಹೆಸರೆಲ್ಲ ಇವೆ. ನಮ್ಮ ಕ್ಷೇತ್ರದ್ದು ಚಿಕ್ಕ ಪಟ್ಟಿ. 1999ರಲ್ಲಿ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ರಮಿಂದರ್ ಗಿಲ್. 2003 ಮತ್ತು 2007ರಲ್ಲಿ ಲಿಬರಲ್ ಪಕ್ಷದ ಕುಲದೀಪ್ ಕುಲಾರ್. 2011 ಮತ್ತು 2014ರಲ್ಲಿ ಎನ್‌ಡಿಪಿಯ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಜಗ್ಮೀತ್ ಸಿಂಗ್. ಐದು ಚುನಾವಣೆ, ಮೂರು ಪಕ್ಷ. ಇಷ್ಟನ್ನೇ ಬರೆದು ಮುಗಿಸುವವರೇ ಜಾಸ್ತಿ. ದಯವಿಟ್ಟು ಇನ್ನೊಂದು ಕಾಲಂ ಹಾಕಿ: ಆ ಸಲ ಪ್ರಾಂತ್ಯದಲ್ಲಿ ಸರ್ಕಾರ ಮಾಡಿದ್ದು ಯಾರು? 1999ರಲ್ಲಿ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ಹ್ಯಾರಿಸ್, 2003 ಮತ್ತು 2007ರಲ್ಲಿ ಲಿಬರಲ್ ಪಕ್ಷದ ಮೆಕ್‌ಗಿಂಟಿ. ಮೂರು ಸಲವೂ ಕ್ಷೇತ್ರ ಗೆಲ್ಲುವ ಪಕ್ಷದ ಜೊತೆಗೇ ಹೋಗಿದೆ. 2011 ಮತ್ತು 2014ರಲ್ಲಿ ಲಿಬರಲ್ ಸರ್ಕಾರವೇ ಬಂತು, ಆದರೆ ಇಲ್ಲಿನ ಜನ ಬೇರೆ ದಾರಿ ಹಿಡಿದರು.

ಯಾಕೆ ಅಂತ ತಿಳಿಯಲು 2011ರ ಎರಡು ಫಲಿತಾಂಶ ಅಕ್ಕಪಕ್ಕ ಇಡಿ. ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಇದೇ ಮುಖ್ಯ. ಆ ವರ್ಷ ಎರಡೂ ಹಂತದಲ್ಲಿ ಗಡಿ ಒಂದೇ ಇತ್ತು. ಮೇ 2ರ ಪಾರ್ಲಿಮೆಂಟ್ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದ ಬಾಲ್ ಗೋಸಲ್ ಗೆದ್ದರು. ಜಗ್ಮೀತ್ ಸಿಂಗ್ ಬರೀ 539 ವೋಟಿನಿಂದ ಸೋತರು. 1993ರಿಂದ ಎಂಪಿ ಆಗಿದ್ದ ಲಿಬರಲ್ ಗುರ್ಬಕ್ಸ್ ಮಲ್ಹಿ ಮೂರನೆಯವರಾದರು. ಅಕ್ಟೋಬರ್ 6ಕ್ಕೆ ಪ್ರಾಂತ್ಯದ ಚುನಾವಣೆ. ಅದೇ ಬೀದಿ, ಅದೇ ಮನೆ. ಈ ಸಲ ಜಗ್ಮೀತ್ ಮೊದಲು, ಕುಲಾರ್ ಎರಡನೆಯವರು. ಮೇಯಲ್ಲಿ ಮೊದಲಿದ್ದ ಕನ್ಸರ್ವೇಟಿವ್‌ಗಳು ಅಕ್ಟೋಬರ್‌ನಲ್ಲಿ ಮೂರನೇ ಜಾಗಕ್ಕೆ ಹೋದರು. "ಇದು ಇಂಥ ಪಕ್ಷದ ಕೋಟೆ" ಅಂತ ಯಾರಾದರೂ ಹೇಳಿದರೆ ಈ ಎರಡು ಹಾಳೆ ತೋರಿಸಿ. ಇಲ್ಲಿನ ಜನ ಅಭ್ಯರ್ಥಿಯನ್ನು ನೋಡುತ್ತಾರೆ, ಚುನಾವಣೆ ಯಾವುದು ಅಂತಲೂ ನೋಡುತ್ತಾರೆ.

ಮತಗಟ್ಟೆವಾರು ಲೆಕ್ಕಕ್ಕೆ ಇಳಿಯುವ ಮನಸ್ಸಿದ್ದರೆ ಇಳಿಯಿರಿ, ಆದರೆ ಎರಡು ಎಚ್ಚರಿಕೆ. ಮತಗಟ್ಟೆ ಸಂಖ್ಯೆಯನ್ನು ನಂಬಿ ಒಂದು ಚುನಾವಣೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಮಧ್ಯೆ ವಿಂಗಡಣೆ ಬದಲಾಗಿರಬಹುದು. ಮುಂಚಿತವಾಗಿ ಹಾಕಿದ ವೋಟುಗಳ ಲೆಕ್ಕ ಬೇರೆ ಇರುತ್ತದೆ, ಅದನ್ನು ಬೀದಿಬೀದಿಗೆ ಹಂಚಲು ಬರುವುದಿಲ್ಲ.

ಕೊನೆಯ ಕಾಲಂ: ಕ್ಷೇತ್ರ ಹೋದ ಮೇಲೆ ಏನಾಯಿತು? 2017ರ ಅಕ್ಟೋಬರ್‌ನಲ್ಲಿ ಜಗ್ಮೀತ್ ಸಿಂಗ್ ದೇಶದ ಮಟ್ಟದಲ್ಲಿ ಎನ್‌ಡಿಪಿ ನಾಯಕರಾದ್ದರಿಂದ ಎಂಪಿಪಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 2018ರ ಚುನಾವಣೆವರೆಗೂ ಆ ಕುರ್ಚಿ ಖಾಲಿ ಇತ್ತು. ಆ ಸಲ ಬ್ರಾಂಪ್ಟನ್ ಈಸ್ಟ್‌ನಲ್ಲಿ ಅವರ ತಮ್ಮ ಗುರ್ರತನ್ ಸಿಂಗ್ ಎನ್‌ಡಿಪಿಯಿಂದ ಗೆದ್ದರು. ಮಿಸ್ಸಿಸಾಗಾ–ಮಾಲ್ಟನ್ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ದೀಪಕ್ ಆನಂದ್ ಪಾಲಾಯಿತು. 2022ರಲ್ಲಿ ಬ್ರಾಂಪ್ಟನ್ ಈಸ್ಟ್ ಕೂಡ ಅದೇ ಪಕ್ಷದ ಹರ್‌ದೀಪ್ ಗ್ರೇವಾಲ್ ಕೈಗೆ ಬಂತು.

1999ಕ್ಕಿಂತ ಹಿಂದಕ್ಕೆ ಹೋಗುವವರಿಗೆ ಒಂದು ಸುಳಿವು: ಕ್ಷೇತ್ರ ಬಿಟ್ಟು ಮನುಷ್ಯನ ಹಿಂದೆ ಹೋಗಿ. ಮುಂದೆ ಪ್ರೀಮಿಯರ್ ಆದ ಬಿಲ್ ಡೇವಿಸ್ 1959ರಿಂದ 1985ರವರೆಗೆ ಇದೇ ಸೀಮೆಯಿಂದ ಎಂಪಿಪಿ ಆಗಿದ್ದರು. ಅಷ್ಟರಲ್ಲಿ ಅವರ ಕ್ಷೇತ್ರಕ್ಕೆ ಪೀಲ್, ಪೀಲ್ ನಾರ್ತ್, ಬ್ರಾಂಪ್ಟನ್ ಅಂತ ಮೂರು ಹೆಸರು ಆಗಿಹೋಗಿತ್ತು. ಹಳೆ ಕಾಗದಪತ್ರಕ್ಕೆ ಬ್ರಾಂಪ್ಟನ್ ಡೌನ್‌ಟೌನ್‌ನ ಪಾಮಾ ಸಂಗ್ರಹಾಲಯದಲ್ಲಿ ಕೇಳಿ ನೋಡಿ.

ಈಗ ಹುಡುಕಲು ಕೂರುವವರು ಒಂದು ಹೊಸ ಬದಲಾವಣೆ ಗಮನಿಸಬೇಕು. 2025ರಲ್ಲಿ ಪಾರ್ಲಿಮೆಂಟಿಗೆ ಹೊಸ ಗಡಿ ಬಂತು, ಬ್ರಾಂಪ್ಟನ್–ಚಿಂಗ್ವಾಕೂಸಿ ಪಾರ್ಕ್ ಎಂಬ ಹೊಸ ಕ್ಷೇತ್ರ ಹುಟ್ಟಿತು. ಅದೇ ವರ್ಷ ಫೆಬ್ರವರಿಯ ಪ್ರಾಂತ್ಯ ಚುನಾವಣೆ ನಡೆದದ್ದು 2018ರ ಗಡಿಯಲ್ಲೇ. ಹಾಗಾಗಿ 2025ರ ಎರಡು ಫಲಿತಾಂಶವನ್ನು 2011ರ ಹಾಗೆ ಅಕ್ಕಪಕ್ಕ ಇಟ್ಟು ನೋಡಲು ಆಗುವುದಿಲ್ಲ. ಮೊದಲು ನಕ್ಷೆಯ ಕೆಲಸ ಮುಗಿಸಿ, ಆಮೇಲೆ ಅಂಕಿಗಳಿಗೆ ಕೈ ಹಾಕಿ.