ಕ್ಲಬ್ಬಿನ ಫೈಲು ಯಾರ ಖಾತೆಯಲ್ಲಿದೆ?

ನಮ್ಮದು ಮೂವತ್ತು ಚಿಲ್ಲರೆ ಸದಸ್ಯರ ಪುಟ್ಟ ಕ್ಲಬ್ಬು. ಕಾರ್ಯದರ್ಶಿಯಾದ ವಾರದಲ್ಲೇ ಹಳೆಯ ನಡಾವಳಿ ನೋಡೋಣ ಅಂತ ಲಿಂಕ್ ಒತ್ತಿದೆ. 'ನಿಮಗೆ ಅನುಮತಿ ಇಲ್ಲ' ಎಂದು ಬಂತು. ಫೈಲುಗಳೆಲ್ಲ ಹಿಂದಿನ ಕಾರ್ಯದರ್ಶಿಯ ಸ್ವಂತ ಖಾತೆಯಲ್ಲಿದ್ದವು. ಅವರು ಕ್ಲಬ್ ಬಿಟ್ಟು ಆಗಿತ್ತು, ಫೋನ್ ನಂಬರೂ ಬದಲಾಗಿತ್ತು. ಅವರನ್ನು ಹುಡುಕಿ ಹಿಡಿಯಲು ಮೂರು ವಾರ ಬೇಕಾಯಿತು.

ಫೈಲಿಡಲು ಆನ್‌ಲೈನ್‌ನಲ್ಲಿ ಹೊಸ ಜಾಗ ನೋಡಲು ಕೂತಾಗ ಎಲ್ಲರದೂ ಒಂದೇ ಪ್ರಶ್ನೆ: ಫ್ರೀ ಎಷ್ಟು? ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ, ಒನ್‌ಡ್ರೈವ್‌ನಲ್ಲಿ 5, ಗೂಗಲ್‌ನಲ್ಲಿ 15, ಅದೂ ಜಿಮೇಲ್ ಮತ್ತು ಫೋಟೊ ಎಲ್ಲ ಸೇರಿ. ನಮ್ಮ ಬೈಲಾ, ನಡಾವಳಿ, ಲೆಕ್ಕಪತ್ರ ಎಲ್ಲ ಕೂಡಿಸಿ ನೋಡಿದೆ. ಅರ್ಧ ಜಿಬಿಯೂ ಆಗಲಿಲ್ಲ! ಸುಮ್ನೆ ತಲೆ ಕೆಡಿಸಿಕೊಂಡಿದ್ದೆವು. ಹೆಚ್ಚಿನವರಿಗೆ ಬಳಸಿ ಗೊತ್ತಿದ್ದ ಗೂಗಲ್ ಡ್ರೈವ್ ಸಾಕು ಅಂದುಕೊಂಡೆವು.

ಕ್ಲಬ್ಬಿನ ಹೆಸರಲ್ಲೇ ಹೊಸ ಖಾತೆ ತೆರೆದೆ. ರಿಕವರಿಗೆ, ಅಂದರೆ ಪಾಸ್‌ವರ್ಡ್ ಮರೆತರೆ ಖಾತೆ ಮರಳಿ ಪಡೆಯಲು, ಖಜಾಂಚಿಯ ಫೋನು, ಅಧ್ಯಕ್ಷರ ಇಮೇಲು. ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತೂ ಕೇಳುವ ಎರಡು ಹಂತದ ಲಾಗಿನ್ ಹಾಕಿದಾಗ, ಫೋನ್ ಕೈಯಲ್ಲಿಲ್ಲದಾಗ ಬಳಸಲು ಸಿಕ್ಕ ಹತ್ತು ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು, ಲಕೋಟೆಯಲ್ಲಿ ಹಾಕಿ ನಡಾವಳಿ ಪುಸ್ತಕದೊಳಗೆ ಇಟ್ಟೆ.

ಇಷ್ಟಾದರೂ ಒಂದು ಕಡೆ ಎಡವಿದೆ. ಖಜಾಂಚಿ ನಮ್ಮ ಫೋಲ್ಡರಿನೊಳಗೇ ಲೆಕ್ಕದ ಶೀಟು ಮಾಡಿದ್ದರು. ಓನರ್ ಅಂಕಣ ನೋಡಿದರೆ ಅವರ ಹೆಸರಿದೆ! ಫೋಲ್ಡರು ಕ್ಲಬ್ಬಿನದಾದರೂ ಫೈಲು ಮಾಡಿದವರದೇ. ಅವರ ಖಾತೆ ಹೋದರೆ ಶೀಟೂ ಹೋಗುತ್ತದೆ. ಓನರ್‌ಶಿಪ್ ವರ್ಗಾಯಿಸಲು ಅವರು ಕೋರಿಕೆ ಕಳಿಸಿದರು, ಕ್ಲಬ್ ಖಾತೆಯಿಂದ ನಾನು ಒಪ್ಪಿಕೊಂಡೆ. ಈಗ ಹೊಸ ಫೈಲು ಬೇಕಾದರೆ ಕ್ಲಬ್ ಖಾತೆಯಲ್ಲೇ ಮಾಡುತ್ತೇವೆ. ನೋಂದಣಿಯಾದ ಲಾಭರಹಿತ ಸಂಸ್ಥೆಗಳಾದರೆ ಗೂಗಲ್‌ನ ನಾನ್‌ಪ್ರಾಫಿಟ್ ಯೋಜನೆಗೆ ಅರ್ಜಿ ಹಾಕಬಹುದು. ಅಲ್ಲಿ ಶೇರ್ಡ್ ಡ್ರೈವ್ ಇದೆ, ಫೈಲು ಸಂಸ್ಥೆಯದೇ ಆಗಿರುತ್ತದೆ. ನಮ್ಮದು ನೋಂದಣಿ ಆಗಿಲ್ಲವಲ್ಲ, ಅದು ಬಿಟ್ಟೆವು.

ಇನ್ನೊಂದು ಪಜೀತಿ. ಕ್ಲಬ್ ಖಾತೆಯಲ್ಲೇ ಲಾಗಿನ್ ಆಗಿದ್ದ ಸದಸ್ಯರೊಬ್ಬರು ಲ್ಯಾಪ್‌ಟಾಪಲ್ಲಿ ಜಾಗ ಸಾಲದು ಅಂತ ಸಿಂಕ್ ಆಗಿದ್ದ, ಅಂದರೆ ಡ್ರೈವ್‌ಗೆ ಜೋಡಿಕೊಂಡಿದ್ದ, ಫೋಲ್ಡರನ್ನೇ ಅಳಿಸಿದರು. ಎಲ್ಲರ ಕಡೆಯೂ ಮಾಯ! ಅಳಿಸಿದ್ದು ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಒಂಬತ್ತನೇ ದಿನ ಗೊತ್ತಾಗಿದ್ದಕ್ಕೆ ಬಚಾವಾದೆವು. ಆಮೇಲೆ ತಿದ್ದುವ ಹಕ್ಕು ಮೂವರಿಗಷ್ಟೇ, ಉಳಿದವರಿಗೆ ಬರೀ ನೋಡಲು. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಹಾರ್ಡ್ ಡಿಸ್ಕಿಗೂ ಇಳಿಸುತ್ತೇನೆ.

ಈ ವರ್ಷ ಖಜಾಂಚಿ ಬದಲಾದರು. ನಗದು ಪುಸ್ತಕ ಕೈಬದಲಾದ ದಿನವೇ ರಿಕವರಿ ನಂಬರನ್ನೂ ಬದಲಿಸಿದೆವು. ಲಕೋಟೆ ಮಾತ್ರ ಅಲ್ಲೇ ಇದೆ, ನಡಾವಳಿ ಪುಸ್ತಕದಲ್ಲಿ.