ಥೀಮ್ ಆಮೇಲೆ, ಮೊದಲು ಒಂದು ಪೋಸ್ಟ್ ಬರೀರಿ

ಬ್ಲಾಗ್ ಶುರು ಮಾಡ್ತೀನಿ ಅಂತ ಹೊರಟ ನಮ್ಮಂಥ ಡೆವಲಪರ್‌ಗಳು ಥೀಮ್, ಅಂದರೆ ಸೈಟಿನ ರೆಡಿಮೇಡ್ ವಿನ್ಯಾಸ, ಹುಡುಕೋದರಲ್ಲೇ ಸುಸ್ತಾಗುತ್ತೇವೆ. ನಾನೇ ಎರಡು ಸಲ ಸೈಟ್ ಕಟ್ಟಿದೆ, ಡಾರ್ಕ್ ಮೋಡ್ ಕೂಡ ಹಾಕಿದೆ. ಒಳಗೆ ಇದ್ದದ್ದು "ನಮಸ್ಕಾರ, ಇದು ನನ್ನ ಮೊದಲ ಪೋಸ್ಟ್" ಅಷ್ಟೇ.

ಮೊನ್ನೆ ಕಲಬುರಗಿಯ ಸೇಡಂ ರಸ್ತೆಯಲ್ಲಿ ಚಹಾ ಕುಡಿಯುವಾಗ ಜೂನಿಯರ್ ಹುಡುಗನೊಬ್ಬ ಬ್ಲಾಗ್‌ಗೆ ಯಾವ ಥೀಮ್ ಹಾಕಲಿ ಅಂತ ಕೇಳಿದ. ಥೀಮ್ ಇರಲಿ, ಏನು ಬರೀತೀಯಪ್ಪಾ ಅಂದೆ. "ಬರೀಲಾಕ ಏನದ ಅಣ್ಣಾ, ಎಲ್ಲಾ ನೆಟ್‌ನ್ಯಾಗ ಅದ" ಅಂದ. ಅದೇ ವಾರ ಅವನು ಒಂದು ರಿಪೋರ್ಟ್ ಜೊತೆ ಗುದ್ದಾಡಿದ್ದ. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಹೋಗಿ ಕಲಬುರಗಿ ಆಯ್ತಲ್ವಾ, ಹಳೇ ಡೇಟಾದಲ್ಲಿ ಎರಡೂ ಹೆಸರು ಉಳಿದು ಒಂದೇ ಜಿಲ್ಲೆ ಎರಡು ಸಾಲಲ್ಲಿ ಬರ್ತಿತ್ತು. ಇನ್ನೇನು ಬೇಕು ಬರೆಯೋಕೆ?

ನನ್ನದೊಂದು ಹೇಳ್ತೀನಿ. ತೊಗರಿ ದರವನ್ನು ಎಸ್ಸೆಮ್ಮೆಸ್‌ನಲ್ಲಿ ಕಳಿಸೋ ಸಣ್ಣ ಪ್ರೋಗ್ರಾಂ ಮಾಡಿದ್ದೆ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಬದಲಿಸಿದೆ, ವಿಷಯ ಅದೇ, ಬಿಲ್ ಮಾತ್ರ ಡಬಲ್. ಜಗಳಕ್ಕೇ ಹೊರಟಿದ್ದೆ, ಆಮೇಲೆ ನೋಡಿದರೆ ತಪ್ಪು ನನ್ನದೇ. ಇಂಗ್ಲಿಷ್ ಮೆಸೇಜ್‌ಗೆ 160 ಅಕ್ಷರ ಹಿಡಿಯುತ್ತವೆ. ಕನ್ನಡ ಬಂತು ಅಂದರೆ ಸಾಮಾನ್ಯವಾಗಿ ಇಡೀ ಮೆಸೇಜ್ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರೋ ಸಂಕೇತ ಪದ್ಧತಿ) ಆಗಿ 70ಕ್ಕೆ ಇಳಿಯುತ್ತದೆ, ಅದನ್ನೂ ಮೀರಿದರೆ ತುಂಡು ತುಂಡಾಗಿ, ತುಂಡಿಗೆ 67ರಂತೆ ಹೋಗುತ್ತದೆ. ಆ ಲೆಕ್ಕವೂ ನಮ್ಮ ಕಣ್ಣಿನ ಲೆಕ್ಕ ಅಲ್ಲ. 'ಕಲಬುರಗಿ' ನಮಗೆ ಐದಕ್ಷರ. ಕಂಪ್ಯೂಟರ್‌ಗೆ 7, ಯಾಕಂದರೆ ಬು-ದ ಕೊಂಬು, ಗಿ-ಯ ಗುಡಿಸು ಬೇರೆಯಾಗಿ ಎಣಿಕೆಗೆ ಬರುತ್ತವೆ. ವೆಬ್ ಪುಟಗಳು ಬಳಸೋ ಯುಟಿಎಫ್-8 ಸಂಕೇತದಲ್ಲಿ ಅದೇ 21 ಬೈಟ್. ಇಷ್ಟು ಬರೆದರೆ ಒಂದು ಒಳ್ಳೇ ಪೋಸ್ಟ್ ಆಯ್ತು.

ಬರೆಯುವಾಗ ಏನು ಮಾಡ್ತಿದ್ದೆ, ಏನು ಕೈ ಕೊಟ್ಟಿತು, ಏನೇನು ಮಾಡಿ ನೋಡಿದೆ, ಕೊನೆಗೆ ಹೇಗೆ ಸರಿಹೋಯ್ತು ಅಂತ ಹಾಗೇ ಹೇಳಿ. ಹಿಡಿದ ತಪ್ಪು ದಾರಿಗಳನ್ನು ಮುಚ್ಚಿಡಬೇಡಿ, ಓದೋನು ಅಲ್ಲೇ ಸಿಕ್ಕಿಕೊಂಡಿರ್ತಾನೆ. ಎರರ್ ಮೆಸೇಜನ್ನು ಫೋಟೊ ಹಾಕದೆ ಅಕ್ಷರದಲ್ಲೇ ಅಂಟಿಸಿ, ಇಲ್ಲದಿದ್ದರೆ ಹುಡುಕಿದವರಿಗೆ ಸಿಗೋದು ಕಷ್ಟ. ವರ್ಷನ್ ನಂಬರ್ ಮತ್ತು ತಾರೀಕು ಇರಲಿ. ಆಫೀಸಿನ ಕೋಡ್ ಬೇಡ, ಅದೇ ತೊಂದರೆ ತೋರಿಸೋ ಹತ್ತು ಸಾಲಿನ ಸ್ವಂತ ಉದಾಹರಣೆ ಮಾಡಿ. ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆ ಬಳಸೋಕೆ ಕೊಟ್ಟಿರೋ ಗುಟ್ಟಿನ ಕೋಡ್) ಉಳಿದಿದೆಯಾ ಅಂತ ಎರಡು ಸಲ ನೋಡಿ.

ಮಾರ್ಕ್‌ಡೌನ್ ಫೈಲ್‌ನಲ್ಲಿ, ಅಂದರೆ ಸಣ್ಣಪುಟ್ಟ ಗುರುತು ಹಾಕಿದ ಸಾದಾ ಪಠ್ಯದಲ್ಲಿ, ಬರೆದರೆ ನೆಟ್ ಬೇಕಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋಗಿ ವೈಫೈ ಸತ್ತರೂ ಬ್ಯಾಟರಿ ಇರೋ ತನಕ ಕೆಲಸ ನಡೆಯುತ್ತದೆ.

ಸೈಟ್ ಇಡೋಕೆ ಗಿಟ್‌ಹಬ್‌ನವರ ಪೇಜಸ್ ಸೇವೆ ಸಾಕು, ದುಡ್ಡಿಲ್ಲ. ನಿಮ್ಮ ಯೂಸರ್‌ನೇಮ್ ಕೊನೆಗೆ ಡಾಟ್ ಗಿಟ್‌ಹಬ್ ಡಾಟ್ ಐಒ ಸೇರಿಸಿ, ಅದೇ ಹೆಸರಲ್ಲಿ ಪಬ್ಲಿಕ್ ರೆಪೊ (ಫೈಲ್ ಇಡೋ ಜಾಗ) ಮಾಡಿ, ಬರಹವನ್ನು ವೆಬ್ ಪುಟ ಮಾಡೋ ಜೆಕಿಲ್ ಹಾಕಿ, ಪುಶ್ ಮಾಡಿ, ಅಂದರೆ ಅಲ್ಲಿಗೆ ಕಳಿಸಿ. ಸೈಟ್ 1 ಜಿಬಿ ದಾಟಬಾರದು ಅಂತಿದೆ, ಬರೀ ಬರಹ ಹಾಕೋರು ಅಲ್ಲಿಗೆ ಮುಟ್ಟೋದೇ ಇಲ್ಲ ಬಿಡಿ. ಸ್ವಂತ ಡೊಮೇನ್ ಆಮೇಲೆ ತಗೊಳ್ಳಿ. ಮೊದಲ ವರ್ಷದ ಆಫರ್ ನೋಡಿ ಬೀಳಬೇಡಿ, ಎರಡನೇ ವರ್ಷಕ್ಕೆ ಎಷ್ಟು ಅಂತ ಕೇಳಿ.

ಕನ್ನಡದಲ್ಲಿ ಬರೆಯೋರಿಗೆ ಎರಡು ಮಾತು. ಲಿಂಕಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ. 'ಕಲಬುರಗಿ' ಅಂತ ಇಟ್ಟು ಕಾಪಿ ಮಾಡಿದರೆ ಎಷ್ಟೋ ಕಡೆ ಆ 21 ಬೈಟ್ ಶೇಕಡಾ ಚಿಹ್ನೆ ತುಂಬಿದ 63 ಅಕ್ಷರದ ಸರಪಳಿ ಆಗಿ ಬೀಳುತ್ತದೆ, ವಾಟ್ಸಾಪ್‌ನಲ್ಲಿ ನೋಡಿದವರು ವೈರಸ್ ಅಂದುಕೊಳ್ತಾರೆ. ಸಾಲುಗಳ ಅಂತರ ಅಕ್ಷರದ ಗಾತ್ರದ 1.7 ಪಟ್ಟು ಕೊಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ.

ಥೀಮ್ ಅಂತೀರಾ? ಜೆಕಿಲ್ ಜೊತೆಗೇ ಬರೋ ಮಿನಿಮಾ ಇದೆ. ಐದು ಪೋಸ್ಟ್ ಆಗೋ ತನಕ ಆ ಸಾಲಿನ ಅಂತರ ಬಿಟ್ಟು ಬೇರೇನೂ ಮುಟ್ಟಬೇಡಿ.